ಕೈಯಲ್ಲಿ ಮಾಡಿದ್ದನ್ನು ಫೋನಿನಲ್ಲಿ ಮಾರುವುದು ಹೇಗೆ?

ಸೋಷಿಯಲ್ ಮೀಡಿಯಾದಲ್ಲಿ ಮಾರಾಟ ಎಂದ ಕೂಡಲೇ ಎಲ್ಲರೂ ಫಾಲೋವರ್‌ಗಳ ಲೆಕ್ಕ ಹಿಡಿದು ಕೂರುತ್ತಾರೆ. ಕೈಕೆಲಸದವರು ಮೊದಲು ಹಾಕಬೇಕಾದ ಲೆಕ್ಕ ಬೇರೆ: ವಾರಕ್ಕೆ ನಿಮ್ಮಿಂದ ಎಷ್ಟು ವಸ್ತು ತಯಾರಾಗುತ್ತದೆ? ಒಂದು ಕ್ರೋಶಾ (ಕೊಕ್ಕೆಸೂಜಿಯ ಹೆಣಿಗೆ) ಚೀಲಕ್ಕೆ ಆರು ಗಂಟೆ ಹಿಡಿಯುತ್ತದೆ, ವಾರಕ್ಕೆ ನಿಮಗೆ ಸಿಗುವುದು 25 ಗಂಟೆ ಎಂದುಕೊಳ್ಳಿ. ಭಾಗಿಸಿದರೆ ನಾಲ್ಕು ಚೀಲ. ಆದರೆ ಫೋಟೊ, ಮೆಸೇಜು, ಪ್ಯಾಕಿಂಗ್ ಅಂತ ಏಳು ಗಂಟೆ ಕಳೆದರೆ ಉಳಿಯುವುದು ಮೂರೇ. ಮೂರು ಚೀಲ ಮಾರಲು ಲಕ್ಷ ಜನ ಬೇಕಿಲ್ಲ. ಕೊಳ್ಳುವ ಮನಸ್ಸಿದ್ದೂ ಹಿಂದೆಮುಂದೆ ನೋಡುತ್ತಿರುವ ಕೆಲವೇ ಜನರ ಅನುಮಾನ ತೀರಿದರೆ ಸಾಕು. ಅಳತೆ ಎಷ್ಟು? ಬಣ್ಣ ಫೋಟೊದಲ್ಲಿದ್ದಂತೆಯೇ ಇರುತ್ತದಾ? ಬೆಲೆ ಎಷ್ಟು? ಯಾವಾಗ ಕೈಸೇರುತ್ತದೆ? ಹಣ ಹಾಕಿದರೆ ವಸ್ತು ಬಂದೇ ಬರುತ್ತದಾ? ಮುಂದೆ ಹೇಳುವುದೆಲ್ಲ ಈ ಐದು ಪ್ರಶ್ನೆಗಳ ಸುತ್ತಲೇ ಇದೆ.

ಎಲ್ಲಿ ಅಂಗಡಿ ಇಡಬೇಕು?

ಐದು ಕಡೆ ಖಾತೆ ತೆರೆದು ಐದನ್ನೂ ಅರೆಬರೆ ನಡೆಸುವ ಬದಲು ಎರಡು ಸಾಕು: ತೋರಿಸಲು ಇನ್‌ಸ್ಟಾಗ್ರಾಂ, ಮಾತುಕತೆಗೆ ವಾಟ್ಸ್‌ಆ್ಯಪ್ ಬಿಸಿನೆಸ್. ಮನೆ ಅಲಂಕಾರದ ವಸ್ತು ಮಾಡುವವರು ಮೂರನೆಯದಾಗಿ ಪಿಂಟ್ರೆಸ್ಟ್ ಸೇರಿಸಿಕೊಳ್ಳಬಹುದು. ಅಲ್ಲಿ ಜನ ಹುಡುಕಿಕೊಂಡು ಬರುವುದರಿಂದ ಇಂದು ಹಾಕಿದ ಚಿತ್ರ ತಿಂಗಳುಗಳ ನಂತರವೂ ಯಾರದೋ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಉದ್ದನೆಯ, 2:3 ಪ್ರಮಾಣದ ಚಿತ್ರ ಹೊಂದುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ಪ್ರೊಫೆಷನಲ್ ಖಾತೆ ಆರಿಸಿ. ಯಾವ ಪೋಸ್ಟ್ ಎಷ್ಟು ಜನರಿಗೆ ತಲುಪಿತು, ಎಷ್ಟು ಜನ ಸೇವ್ ಮಾಡಿಕೊಂಡರು ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಪ್ರೊಫೈಲಿನಲ್ಲಿ ಹೆಸರಿಗೆಂದು ಇರುವ ಜಾಗವನ್ನು ಬಹಳ ಜನ ದಂಡ ಮಾಡುತ್ತಾರೆ. ಹುಡುಕಾಟದಲ್ಲಿ ಆ ಪದಗಳೂ ಲೆಕ್ಕಕ್ಕೆ ಬರುವುದರಿಂದ ಅಲ್ಲಿ ಬ್ರ್ಯಾಂಡಿನ ಹೆಸರಿನ ಜೊತೆ ‘ಕ್ರೋಶಾ ಚೀಲಗಳು’ ಎಂದೋ ‘ಟೆರಾಕೋಟಾ ಒಡವೆ’ ಎಂದೋ ಸೇರಿಸಿ. ಯೋಚಿಸಿ ಬರೆಯಿರಿ, 14 ದಿನಗಳಲ್ಲಿ ಎರಡು ಸಲ ಮಾತ್ರ ಅದನ್ನು ಬದಲಿಸಲು ಸಾಧ್ಯ. ಹೆಸರಿನ ಕೆಳಗೆ ಬರುವ ಕಿರುಪರಿಚಯ, ಅಂದರೆ ಬಯೊಗೆ 150 ಅಕ್ಷರಗಳ ಮಿತಿ ಇದೆ. ‘ಕನಸುಗಳನ್ನು ಹೆಣೆಯುತ್ತೇವೆ’ ಎಂಬ ಸಾಲಿಗೆ ಅಲ್ಲಿ ಜಾಗ ಕೊಡಬೇಡಿ. ಏನು ಮಾಡುತ್ತೀರಿ, ಎಲ್ಲಿಗೆ ಕಳಿಸುತ್ತೀರಿ, ಆರ್ಡರ್ ಹೇಗೆ ಕೊಡಬೇಕು, ಈಗ ತೆಗೆದುಕೊಳ್ಳುತ್ತಿದ್ದೀರಾ ಇಲ್ಲವಾ, ಇಷ್ಟಿರಲಿ. ಪ್ರೊಫೈಲಿನ ಮೇಲ್ಭಾಗದಲ್ಲಿ ಮೂರು ಪೋಸ್ಟ್ ಪಿನ್ ಮಾಡಬಹುದು: ಒಂದು ಬೆಲೆ ಪಟ್ಟಿ, ಒಂದು ಆರ್ಡರ್ ಕೊಡುವ ಕ್ರಮ, ಇನ್ನೊಂದು ನೀವು ಕೆಲಸ ಮಾಡುತ್ತಿರುವ ವಿಡಿಯೊ.

ಫೋಟೊ: ಅರ್ಧ ವ್ಯಾಪಾರ ಇಲ್ಲೇ

ಒಳ್ಳೆಯ ಕ್ಯಾಮೆರಾ ಇಲ್ಲ ಎಂದು ಕೊರಗಬೇಡಿ. ಫೋಟೊ ಕೆಡುವುದು ಹೆಚ್ಚಾಗಿ ಬೆಳಕಿನಿಂದ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ವಸ್ತುವಿಗೆ ಒಂದು ಬದಿಯಿಂದ ಬೆಳಕು ಬೀಳುವಂತೆ ಇಡಿ. ಇನ್ನೊಂದು ಬದಿಗೆ ಬಿಳಿ ಥರ್ಮಾಕೋಲ್ ಶೀಟನ್ನೋ ದಪ್ಪ ಬಿಳಿ ಕಾಗದವನ್ನೋ ನಿಲ್ಲಿಸಿದರೆ ಬೆಳಕು ವಾಪಸು ಬಡಿದು ಕಪ್ಪು ನೆರಳು ತಿಳಿಯಾಗುತ್ತದೆ. ಕೋಣೆಯ ದೀಪಗಳನ್ನು ಮರೆಯದೆ ಆರಿಸಿ. ಕಿಟಕಿಯ ಬೆಳಕಿನ ಜೊತೆ ಬಲ್ಬಿನ ಹಳದಿ ಬೆರೆತರೆ ವಸ್ತುವಿನ ಒಂದು ಕಡೆ ನೀಲಿ, ಒಂದು ಕಡೆ ಹಳದಿ ಕಾಣುತ್ತದೆ. ಅದನ್ನು ಯಾವ ಫಿಲ್ಟರೂ ಸರಿಮಾಡುವುದಿಲ್ಲ. ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ತಮಾಷೆಯಲ್ಲ, ‘ನನ್ನ ಫೋನಿನಲ್ಲಿ ಮಬ್ಬು ಬರುತ್ತದೆ’ ಎನ್ನುವವರಲ್ಲಿ ಎಷ್ಟೋ ಜನರ ಸಮಸ್ಯೆ ಬೆರಳ ಜಿಡ್ಡು.

ಸಣ್ಣ ವಸ್ತುವಿಗೆ ಫೋನನ್ನು ತೀರಾ ಹತ್ತಿರ ಒಯ್ದರೆ ಮುಂದಿನ ಭಾಗ ಉಬ್ಬಿ, ಹಿಂದಿನದು ಕುಗ್ಗಿ, ದುಂಡಗಿನ ಬುಟ್ಟಿ ಮೊಟ್ಟೆಯಂತಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2 ಎಕ್ಸ್ ಜೂಮ್ ಇಟ್ಟು ತೆಗೆಯಿರಿ. ಪರದೆಯ ಮೇಲೆ ವಸ್ತುವನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ, ಪಕ್ಕದ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಬೆಳಕನ್ನು ಹೊಂದಿಸಬಹುದು. ಎಳೆಯುವುದು ಯಾವ ಕಡೆಗೆ? ಕ್ಯಾಮೆರಾ ಎಲ್ಲವನ್ನೂ ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಅದಕ್ಕೇ ಬಿಳಿ ನೂಲಿನ ಕೆಲಸ ಕೊಳೆಯಾದಂತೆ ಬರುತ್ತದೆ, ಕಪ್ಪು ಮಣಿ ಮಾಸಿದಂತೆ ಬರುತ್ತದೆ. ಬಿಳಿಯದಕ್ಕೆ ಬೆಳಕು ಸ್ವಲ್ಪ ಏರಿಸಿ, ಕಪ್ಪಿಗೆ ಇಳಿಸಿ. ಗಾಢ ಕೆಂಪು ಫೋನುಗಳಿಗೆ ದೊಡ್ಡ ತಲೆನೋವು: ಹೊಲಿಗೆ, ಹೆಣಿಗೆಯ ಗೆರೆಗಳೆಲ್ಲ ಕರಗಿ ಒಂದೇ ಮುದ್ದೆಯಾಗುತ್ತದೆ. ಅಲ್ಲೂ ಬೆಳಕು ಇಳಿಸಿಯೇ ತೆಗೆಯಬೇಕು. ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ರಾಳ), ಗಾಜು, ಹೊಳಪಿನ ಮಣ್ಣಿನ ವಸ್ತುವಿನ ಮೇಲೆ ಕಿಟಕಿಯ ಬಿಂಬ ಬಿದ್ದರೆ ಕಿಟಕಿಗೆ ತೆಳು ಬಿಳಿ ಬಟ್ಟೆಯ ಪರದೆ ಕಟ್ಟಿ.

ಒಂದು ವಸ್ತುವಿಗೆ ಐದು ಚಿತ್ರ ಬೇಕು. ಇಡೀ ವಸ್ತು, ಕೈಯಲ್ಲಿ ಹಿಡಿದದ್ದು ಅಥವಾ ತೊಟ್ಟದ್ದು, ಹತ್ತಿರದ ಹೆಣಿಗೆ, ಹಿಂಭಾಗ ಅಥವಾ ಒಳಭಾಗ, ಕೊನೆಗೆ ಅಳತೆ ಬೆಲೆ ಬರೆದ ಚಿತ್ರ. ಹಿಂಭಾಗದ ಚಿತ್ರ ಹಾಕುವವರು ಕಡಿಮೆ, ಕಸೂತಿ ಬಲ್ಲ ಗಿರಾಕಿ ಮೊದಲು ನೋಡುವುದು ಅದನ್ನೇ. ಪೋಸ್ಟಿಗೆ 1080 × 1350 ಪಿಕ್ಸೆಲ್, ಅಂದರೆ 4:5 ಪ್ರಮಾಣ ಫೋನಿನ ಪರದೆಯನ್ನು ಚೆನ್ನಾಗಿ ತುಂಬುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಏರಿಸಬೇಡಿ. ಗಾತ್ರ ಕುಗ್ಗಿಸಲೆಂದು ಒಂದು ಸಲ ಅಲ್ಲಿ ಹಿಂಡಿಸಿಕೊಂಡ ಚಿತ್ರ ಇಲ್ಲಿ ಮತ್ತೆ ಹಿಂಡಿಸಿಕೊಂಡು ನೂಲಿನ ಎಳೆಗಳೇ ಮಾಯವಾಗುತ್ತವೆ. ತೆಗೆದ ಫೋನಿನಿಂದಲೇ ಏರಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ.

ಬರಹ: ಬೆಲೆ ಮುಚ್ಚಿಟ್ಟರೆ ಗಿರಾಕಿ ಎದ್ದು ಹೋಗುತ್ತಾನೆ

‘ಹೊಸ ಕಿವಿಯೋಲೆ ಬಂದಿದೆ! ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂಬ ಬರಹ ನೋಡಿ ಎಷ್ಟು ಜನ ಇನ್‌ಬಾಕ್ಸ್ ಮಾಡುತ್ತಾರೆ? ಕೇಳಿ ಸುಮ್ಮನಾದರೆ ಮುಜುಗರ ಎಂದು ಬಹಳಷ್ಟು ಜನ ಕೇಳುವುದೇ ಇಲ್ಲ. ಅದೇ ಓಲೆಗೆ ಹೀಗೆ ಬರೆಯಬಹುದು:

‘ಸುಟ್ಟ ಮಣ್ಣಿನ ಓಲೆ. ಉದ್ದ 5 ಸೆಂ.ಮೀ., ಒಂದು ಓಲೆಯ ತೂಕ 7 ಗ್ರಾಂ, ದಿನವಿಡೀ ತೊಟ್ಟರೂ ಕಿವಿ ಎಳೆಯುವುದಿಲ್ಲ. ಅಕ್ರಿಲಿಕ್ ಬಣ್ಣ, ಹನಿ ಬಿದ್ದರೆ ಒರೆಸಿ, ನೀರಿನಲ್ಲಿ ನೆನೆಸಬೇಡಿ. ಕೈಯಿಂದ ಬರೆದ ಚಿತ್ತಾರ, ಎರಡು ಓಲೆಗಳ ನಡುವೆ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ನಾಲ್ಕು ಜೊತೆ ಸಿದ್ಧ ಇವೆ. ಹಣ ಬಂದ ಮೂರನೇ ದಿನ ಕಳಿಸುತ್ತೇವೆ. ಬೆಲೆ ಕೊನೆಯ ಚಿತ್ರದಲ್ಲಿದೆ.’

ಇಲ್ಲಿ ಚಂದದ ಮಾತು ಒಂದೂ ಇಲ್ಲ, ಆದರೆ ಕೇಳಲು ಉಳಿದ ಪ್ರಶ್ನೆಯೂ ಇಲ್ಲ. ವ್ಯತ್ಯಾಸದ ಸಾಲನ್ನು ಮೊದಲೇ ಬರೆದಿಟ್ಟರೆ ಕೊನೆಗೆ ‘ಎರಡೂ ಒಂದೇ ತರ ಇಲ್ಲ’ ಎಂಬ ತಕರಾರಿನಿಂದಲೂ ಪಾರಾಗುತ್ತೀರಿ. ಮೊದಲ ಸಾಲಿನಲ್ಲಿ ವಸ್ತುವಿನ ಹೆಸರು ಬರಲೇಬೇಕು. ‘ಇನ್ನಷ್ಟು’ ಎಂಬುದನ್ನು ಒತ್ತದವರಿಗೆ ಕಾಣುವುದು ಅದೊಂದೇ. ಹ್ಯಾಶ್‌ಟ್ಯಾಗ್ ಮೂರರಿಂದ ಐದು ಸಾಕು, ವಸ್ತುವನ್ನೇ ಹೆಸರಿಸುವಂಥವು. ‘ಪ್ರೀತಿ’, ‘ಸಂತೋಷ’ ಎಂಬ ಟ್ಯಾಗ್ ಹಿಡಿದು ಬಂದವರಿಗೆ ಚೀಲ ಬೇಕಿರುವುದಿಲ್ಲ.

ರೀಲ್: ಇಪ್ಪತ್ತು ಸೆಕೆಂಡ್ ಸಾಕು

ಕೈಕೆಲಸದವರ ಬಳಿ ಕಾರ್ಖಾನೆಯವರಿಗೆ ಇಲ್ಲದ ಒಂದು ಬಂಡವಾಳ ಇದೆ: ಮಾಡುವ ಕೈ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮೇಲಿನಿಂದ ಕೈ ಮಾತ್ರ ಕಾಣುವಂತೆ ಹಿಡಿದರೆ ಮುಖ ತೋರಿಸುವ ಸಂಕೋಚವೂ ಇಲ್ಲ. ಮೊದಲ ಮೂರು ಸೆಕೆಂಡಿಗೆ ಲೋಗೊ, ನಮಸ್ಕಾರ ಯಾವುದೂ ಬೇಡ. ಏನಾದರೂ ಬದಲಾಗುವ ಕ್ಷಣ ಇರಲಿ: ತಂತಿ ಮಣ್ಣನ್ನು ಸೀಳುವುದು, ನೂಲು ಎಳೆದ ಕೂಡಲೇ ನೆರಿಗೆ ಕೂರುವುದು, ಅಚ್ಚಿನಿಂದ ರೆಸಿನ್ ಬಿಟ್ಟುಕೊಳ್ಳುವುದು. ಆಮೇಲೆ ಮೂರು ಮೂರು ಸೆಕೆಂಡಿನ ನಾಲ್ಕು ತುಣುಕಿನಲ್ಲಿ ಕೆಲಸದ ಹಂತಗಳು, ಕೊನೆಯ ಐದು ಸೆಕೆಂಡ್ ಸಿದ್ಧವಾದ ವಸ್ತುವನ್ನು ಯಾರೋ ಬಳಸುತ್ತಿರುವುದು. ಟೈಮ್‌ಲ್ಯಾಪ್ಸ್ (ಬಹಳ ಹೊತ್ತಿನ ಕೆಲಸವನ್ನು ಓಡಿಸಿ ತೋರಿಸುವ ವಿಡಿಯೊ) ಹಾಕಿದರೆ ಕೈ ಪಟಪಟ ಹೊಡೆದುಕೊಳ್ಳುವುದೇ ಕಾಣುತ್ತದೆ, ಕಸುಬು ಕಾಣುವುದಿಲ್ಲ. ಮಾಮೂಲಿ ವೇಗದಲ್ಲಿ ಚಿತ್ರಿಸಿ ಕತ್ತರಿಸುವುದೇ ಮೇಲು.

ಅಳತೆ 1080 × 1920. ಪರದೆಯ ಕೆಳಭಾಗವನ್ನು ನಿಮ್ಮ ಹೆಸರು, ಬರಹ, ಗುಂಡಿಗಳು ಮುಚ್ಚಿಕೊಳ್ಳುವುದರಿಂದ ಬೆಲೆಯನ್ನೋ ವಸ್ತುವನ್ನೋ ಅಲ್ಲಿಡಬೇಡಿ, ನಡುಭಾಗಕ್ಕೆ ತನ್ನಿ. ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡಿದರೆ ಅದು ವಿದ್ಯುತ್ ದೀಪದ ಮಿನುಗು. ಹಗಲ ಬೆಳಕಿಗೆ ಬನ್ನಿ. ಪ್ರೊಫೆಷನಲ್ ಖಾತೆಯ ಒಂದು ಬಗೆಯಾದ ಬಿಸಿನೆಸ್ ಖಾತೆಗೆ ಎಲ್ಲ ಹಾಡುಗಳನ್ನೂ ಬಳಸುವ ಹಕ್ಕಿಲ್ಲ. ಬೇರೆಡೆಯಿಂದ ಜನಪ್ರಿಯ ಹಾಡು ತಂದು ಅಂಟಿಸಿದರೆ ಧ್ವನಿ ಬಂದ್ ಆಗಬಹುದು, ವಿಡಿಯೊವೇ ತೆಗೆದುಹಾಕಲ್ಪಡಬಹುದು. ಮಣ್ಣು ತಟ್ಟುವ, ಕತ್ತರಿ ಆಡುವ ಅಸಲಿ ಸದ್ದೇ ಚೆನ್ನ. ಕಾರ್ಟೂನ್ ಪಾತ್ರದ ಗೊಂಬೆ ಹೆಣೆದು ಮಾರುವವರಿಗೂ ಇದೇ ತಕರಾರು ಬರುತ್ತದೆ. ಆ ಪಾತ್ರಕ್ಕೆ ಒಡೆಯರಿದ್ದಾರೆ, ದೂರು ಕೊಟ್ಟರೆ ಪೋಸ್ಟ್ ಹೋಗುತ್ತದೆ, ಮತ್ತೆ ಮತ್ತೆ ಆದರೆ ಖಾತೆಯೇ ಹೋಗುತ್ತದೆ.

ಮೆಸೇಜಿನಿಂದ ಆರ್ಡರಿಗೆ

ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ಬೇರೆ ನಂಬರ್ ಇಟ್ಟುಕೊಳ್ಳಿ, ಒಂದೇ ನಂಬರ್ ಎರಡೂ ಆ್ಯಪ್‌ನಲ್ಲಿ ಏಕಕಾಲಕ್ಕೆ ನಡೆಯುವುದಿಲ್ಲ. ಕ್ಯಾಟಲಾಗ್‌ನಲ್ಲಿ ವಸ್ತುಗಳನ್ನು ಜೋಡಿಸಿಟ್ಟರೆ ಪ್ರತಿಯೊಬ್ಬರಿಗೂ ಹತ್ತತ್ತು ಫೋಟೊ ಕಳಿಸುವ ಕೆಲಸ ತಪ್ಪುತ್ತದೆ. ಪದೇ ಪದೇ ಕೊಡುವ ಉತ್ತರಗಳನ್ನು ಕ್ವಿಕ್ ರಿಪ್ಲೈನಲ್ಲಿ ಉಳಿಸಿಡಿ, ಓರೆಗೆರೆ (/) ಒತ್ತಿ ಹೆಸರು ಬರೆದರೆ ಪೂರ್ತಿ ಉತ್ತರ ಬರುತ್ತದೆ. ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಎಲ್ಲರಿಗೂ ಕಳಿಸಿದೆ, ಒಬ್ಬರೂ ನೋಡಲಿಲ್ಲ’ ಎಂಬ ಗೋಳಿನ ಮೂಲ ಇದು. ವಸ್ತುವಿನ ಜೊತೆ ಕಳಿಸುವ ಚೀಟಿಯಲ್ಲೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಬರೆಯಿರಿ.

ಹೇಳಿ ಮಾಡಿಸುವ ಆರ್ಡರಿನಲ್ಲಿ ಜಗಳ ಹುಟ್ಟುವುದು ಬಾಯಿಮಾತಿನಿಂದ. ಫೋನಿನಲ್ಲಿ ಎಷ್ಟೇ ಮಾತಾಡಿದರೂ ಕೊನೆಗೆ ಒಂದು ಮೆಸೇಜ್ ಹೋಗಲಿ: ವಸ್ತು, ಅಳತೆ, ಬಣ್ಣದ ನೂಲಿನ ಫೋಟೊ, ಬರೆಯಬೇಕಾದ ಹೆಸರಿನ ಅಕ್ಷರ, ಸಾಗಣೆ ಸೇರಿ ಒಟ್ಟು ಬೆಲೆ, ಕಳಿಸುವ ದಿನ. ‘ಸರಿ’ ಎಂದು ಬರಹದಲ್ಲಿ ಬಂದು, ಅರ್ಧ ಹಣ ಸೇರಿದ ಮೇಲೆಯೇ ನೂಲು ಕತ್ತರಿಸಿ. ‘ಹಸಿರು’ ಎಂದಷ್ಟೇ ಒಪ್ಪಿಕೊಂಡರೆ ಅವರ ಮನಸ್ಸಿನಲ್ಲಿ ಗಿಳಿ ಹಸಿರು, ನಿಮ್ಮದು ಪಾಚಿ ಹಸಿರು. ಹೆಸರು ಹಾಕಿ ಮಾಡಿದ್ದನ್ನು ಇನ್ನೊಬ್ಬರಿಗೆ ಮಾರಲೂ ಆಗದು.

ಹಣ ಬಂತೇ ಎಂದು ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ, ನಿಮ್ಮ ಖಾತೆಯನ್ನೇ ತೆರೆದು ನೋಡಿ. ‘ತಪ್ಪಿ ಹೆಚ್ಚು ಹಾಕಿದೆ, ಉಳಿದದ್ದು ವಾಪಸು ಕಳಿಸಿ’ ಎನ್ನುವುದು ಹಳೆಯ ಮೋಸ. ‘ನಿಮ್ಮ ಖಾತೆ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಅಳಿಸಲಾಗುವುದು’ ಎಂಬ ಮೆಸೇಜಿನ ಲಿಂಕ್ ಒತ್ತಿದವರು ಪಾಸ್‌ವರ್ಡ್ ಕಳೆದುಕೊಂಡು ಖಾತೆಗೇ ಎರವಾಗುತ್ತಾರೆ. ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡನ್ನೂ ಕೇಳುವ ಎರಡು ಹಂತದ ಭದ್ರತೆಯನ್ನು ಮೊದಲ ದಿನವೇ ಹಾಕಿಡಿ. ಪ್ಯಾಕಿಂಗ್ ವಿಡಿಯೊ ಹಾಕುವಾಗ ಗಿರಾಕಿಯ ವಿಳಾಸದ ಚೀಟಿ ಕಾಣದಿರಲಿ. ಅವರು ಕಳಿಸಿದ ಫೋಟೊವನ್ನು ಕೇಳದೆ ಹಂಚಬೇಡಿ. ಒಪ್ಪಿದರೆ ಸ್ಟೋರಿಯಲ್ಲಿ ಹಾಕಿ ಹೈಲೈಟ್‌ನಲ್ಲಿ ಉಳಿಸಿ. ಸ್ಟೋರಿ 24 ಗಂಟೆಗೆ ಮಾಯವಾದರೂ ಹೈಲೈಟ್ ಪ್ರೊಫೈಲಿನಲ್ಲಿ ಇರುತ್ತದೆ. ‘ಹಣ ಹಾಕಿದರೆ ವಸ್ತು ಬಂದೇ ಬರುತ್ತದಾ’ ಎಂಬ ಹೊಸಬರ ಐದನೇ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಲೆಕ್ಕ ಓದುವುದು

ವಾರಕ್ಕೆ ಮೂರು ಪೋಸ್ಟ್ ಹಾಕಿ, ತಿಂಗಳಿಗೊಮ್ಮೆ ಕೂತು ನೋಡಿ. ಲೈಕ್ ಬಿಡಿ, ಸೇವ್, ಶೇರ್, ಪ್ರೊಫೈಲ್ ಭೇಟಿ, ಮೆಸೇಜ್ ಇವು ನಾಲ್ಕನ್ನು ಬರೆದುಕೊಳ್ಳಿ. ಬಹಳ ಜನ ನೋಡಿದ್ದಾರೆ, ಪ್ರೊಫೈಲಿಗೆ ಯಾರೂ ಬಂದಿಲ್ಲ ಎಂದರೆ ವಿಡಿಯೊ ಮನರಂಜನೆಯಾಯಿತೇ ಹೊರತು ಅದು ಮಾರಾಟಕ್ಕಿದೆ ಎಂದು ತಿಳಿಯಲಿಲ್ಲ. ಪ್ರೊಫೈಲಿಗೆ ಬಂದವರು ಮೆಸೇಜ್ ಮಾಡಿಲ್ಲ ಎಂದರೆ ಬೆಲೆಯೋ ಆರ್ಡರ್ ಕ್ರಮವೋ ಕಾಣುತ್ತಿಲ್ಲ. ಮೆಸೇಜ್ ಬಂದೂ ಆರ್ಡರ್ ಇಲ್ಲದಿದ್ದರೆ ಅವರು ಕೇಳಿದ್ದನ್ನೇ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ. ಒಂದೇ ಪ್ರಶ್ನೆ ಮೂರನೇ ಸಲ ಬಂದರೆ ತಪ್ಪು ಕೇಳಿದವರದ್ದಲ್ಲ, ಬರಹದ್ದು.

ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳುವುದು ಶುದ್ಧ ನಷ್ಟ. ಪೋಸ್ಟ್ ಅವರಿಗೆ ಕಂಡು, ಅವರು ಮಿಸುಕದೆ, ಕೊನೆಗೆ ಅಸಲಿ ಗಿರಾಕಿಗೂ ತಲುಪದೆ ಹೋಗುತ್ತದೆ. ಉಚಿತ ಉಡುಗೊರೆಯ ಸ್ಪರ್ಧೆಗೆ ಬರುವವರಲ್ಲಿ ಹೆಚ್ಚಿನವರು ಉಚಿತಕ್ಕೇ ಬಂದವರು. ಜಾಹೀರಾತು ಕೊಡುವುದಾದರೆ ಈಗಾಗಲೇ ತಾನಾಗಿ ಮೆಸೇಜ್ ತಂದ ಪೋಸ್ಟಿಗೆ ಮಾತ್ರ, ಗುರಿಯಲ್ಲಿ ‘ಮೆಸೇಜ್’ ಆರಿಸಿ ಐದಾರು ದಿನ. ಸರಕು ಮುಗಿದ ದಿನವೇ ನಿಲ್ಲಿಸಿ.

ಒಂದು ರೀಲ್ ಏಕಾಏಕಿ ಓಡಿದರೆ

ಇದಕ್ಕೆ ಮೊದಲೇ ಸಿದ್ಧರಿರಬೇಕು. ವಾರಕ್ಕೆ ಮೂರು ಚೀಲ ಹೆಣೆಯುವವರಿಗೆ ಒಂದೇ ರಾತ್ರಿ ಅರವತ್ತು ಜನ ಬೇಕೆಂದರೆ, ಎಲ್ಲರಿಂದ ಹಣ ತೆಗೆದುಕೊಂಡರೆ ಕೊನೆಯವರಿಗೆ ಚೀಲ ಸಿಗುವುದು 20 ವಾರಗಳ ನಂತರ. ನಡುವೆ ಬೈಗುಳ, ಹಣ ವಾಪಸು, ಅವಸರದಲ್ಲಿ ಸಡಿಲ ಹೆಣಿಗೆ. ಆದ್ದರಿಂದ ಆರು ವಾರದ ಕೆಲಸಕ್ಕೆ ಆಗುವಷ್ಟು, ಅಂದರೆ 18 ಆರ್ಡರ್‌ಗೆ ಮಾತ್ರ ಮುಂಗಡ ಪಡೆಯಿರಿ. ಉಳಿದವರಿಂದ ಹಣ ಬೇಡ, ಹೆಸರು ಮತ್ತು ಬೇಕಾದ ಬಣ್ಣ ಮಾತ್ರ ಬರೆದುಕೊಳ್ಳಿ. ಕೂಡಲೇ ಬಯೊದ ಮೊದಲ ಸಾಲು ಬದಲಿಸಿ, ಅದೇ ಮಾತನ್ನು ರೀಲಿನ ಕೆಳಗೆ ಕಾಮೆಂಟ್ ಹಾಕಿ ಪಿನ್ ಮಾಡಿ: ‘ಈ ಸಲದ ಆರ್ಡರ್ ಭರ್ತಿಯಾಗಿದೆ. ಬೇಕಿದ್ದವರು ಬಣ್ಣ ತಿಳಿಸಿ ಹೆಸರು ಬರೆಸಿ. ನಿಮ್ಮ ಸರದಿ ಬಂದಾಗ ನಾವೇ ಮೆಸೇಜ್ ಮಾಡುತ್ತೇವೆ, ಅಲ್ಲಿಯವರೆಗೆ ಹಣ ಕಳಿಸಬೇಡಿ.’ ಸರದಿ ಬಂದವರಿಗೆ ಎರಡು ದಿನದ ಗಡುವು ಕೊಡಿ. ಉತ್ತರ ಬರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.