ರೈಟರ್ ಅಂದ್ರೆ ಯಾವ ಎಸ್ಟೇಟ್?

ನಮ್ಮ ಸಕಲೇಶಪುರದ ಕಡೆ 'ನಾನು ರೈಟರ್' ಅಂದರೆ ಮುಂದಿನ ಪ್ರಶ್ನೆ ಒಂದೇ: 'ಯಾವ ಎಸ್ಟೇಟ್?' ಕಾಫಿ ತೋಟದಲ್ಲಿ ಆಳುಗಳ ಹಾಜರಿ ಹಾಕಿ, ಬಟವಾಡೆ ಲೆಕ್ಕ ಬರೆಯುವವನೇ ನಮ್ಮಲ್ಲಿ ರೈಟರ್. ನಮ್ಮಪ್ಪ ಅದೇ ಕೆಲಸದಲ್ಲಿದ್ದರು. ನಾನು ಇನ್ನೊಂದು ಬಗೆಯ ರೈಟರ್ ಆದೆ. ಹಗಲು ಪತ್ರಿಕೆಗೆ ಸುದ್ದಿ, ಬೆಳಗಿನ ಜಾವ ಐದರಿಂದ ಏಳರವರೆಗೆ ಕಥೆ. ಕಥೆ ಅಂದರೆ ಉಪಗ್ರಹ, ನೀರಲ್ಲಿ ಮುಳುಗಿದ ಊರು, ಇನ್ನೂ ಬರದ ಕಾಲ, ಇಂಥವು. ಅಪ್ಪ ಮಾತ್ರ ಎರಡನ್ನೂ ಸೇರಿಸಿ 'ಪೇಪರ್ ಕೆಲಸ' ಅನ್ನುತ್ತಿದ್ದರು.

ಈ ಹುಚ್ಚು ಹತ್ತಿದ್ದು ಹಾಸನದಲ್ಲಿ ಓದುವಾಗ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಎಂಸಿಎಫ್ ಅಂದರೆ ಹಾಸನದಲ್ಲಿ ಎಲ್ಲರಿಗೂ ಗೊತ್ತು. 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿ ಕೂತು ನೋಡಿಕೊಳ್ಳುತ್ತಾರೆ. ಇಲ್ಲಿಂದ ಹೋದ ಮಾತು ಮೇಲೆ ಮುಟ್ಟಿ ವಾಪಸ್ ಬರೋಕೆ ಸುಮಾರು ಕಾಲು ಸೆಕೆಂಡ್ ಸಾಕಂತೆ. ನಾನು ಊರಿಗೆ ಹೋಗೋ ಬಸ್ಸಿಗೆ ಎರಡು ಗಂಟೆ ಕಾಯುತ್ತಿದ್ದೆ!

ನನ್ನ ಮೊದಲ ಕಥೆ ಇನ್ಸಾಟ್-1ಎ ಬಗ್ಗೆ. ಅದು 1982ರ ಏಪ್ರಿಲ್‌ನಲ್ಲಿ ಮೇಲೆ ಹೋಯಿತು. ಸೆಪ್ಟೆಂಬರ್ ಹೊತ್ತಿಗೆ ಇಂಧನ ಮುಗಿದು ಕೈಬಿಟ್ಟುಹೋಯಿತು. ವರ್ಷಗಳಾದ ಮೇಲೆ ಒಂದು ರಾತ್ರಿ ಅದು ಮತ್ತೆ ದನಿ ತೆಗೆಯುತ್ತದೆ ಅಂತ ಬರೆದೆ. ವಾರಪತ್ರಿಕೆಯೊಂದಕ್ಕೆ ಕಳಿಸಿದೆ. ವಾಪಸ್ ಬಂತು. ಸಂಪಾದಕರು ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಚಿದ್ದರು: 'ಉಪಗ್ರಹ ಮಾತಾಡಿದ್ದನ್ನು ನಂಬಿದೆ. ನಿಮ್ಮ ಎಂಜಿನಿಯರ್‌ನನ್ನು ನಂಬಲಿಲ್ಲ. ರಾತ್ರಿ ಪಾಳಿಗೆ ಅವನು ಡಬ್ಬಿಯಲ್ಲಿ ಏನು ತಂದಿದ್ದ?'

ಡಬ್ಬಿಯಲ್ಲಿ ಏನಿದೆ ಅಂತ ನೋಡೋ ಅಭ್ಯಾಸ ಬಂದದ್ದು ವರದಿಗಾರನಾದ ಮೇಲೆ. ಹಾಸನದವನಾದ್ದರಿಂದ ಈ ಎರಡು ಕಸುಬು ಒಟ್ಟಿಗೆ ಆಗಲ್ಲ ಅಂತ ನನಗೆ ಯಾರೂ ಹೇಳುವ ಹಾಗಿರಲಿಲ್ಲ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ನಮ್ಮೂರಿನ ಬಾನು ಮುಷ್ತಾಕ್ ಅವರೂ ಒಂದು ಕಾಲಕ್ಕೆ ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರೇ. ನಾನು ಸೇರಿದ್ದು ತಾಲ್ಲೂಕಿನ ಬಿಡಿ ಸುದ್ದಿಗಾರನಾಗಿ. ಬರೆದ ಸುದ್ದಿಯನ್ನು ಕವರಿಗೆ ಹಾಕಿ ಹಾಸನದ ಬಸ್ಸಿಗೆ ಕೊಡಬೇಕಿತ್ತು. ಕಂಡಕ್ಟರ್ ಮರೆತರೆ ಸುದ್ದಿಯೂ ಇಲ್ಲ, ದುಡ್ಡೂ ಇಲ್ಲ. ಸಂಬಳದ ವಿಷಯ ಬಿಡಿ, ಹೇಳಿದಷ್ಟೂ ಬೇಜಾರು.

ಈಗ ನನ್ನ ತಪ್ಪಿನ ಕಥೆ. ಆಲೂರು, ಸಕಲೇಶಪುರದಲ್ಲಿ ವರದಿಗಾರ ಅಂದರೆ ಅರ್ಧ ಕೆಲಸ ಆನೆಯದ್ದು. ಒಂದು ಸಲ ವಿದ್ಯುತ್ ತಂತಿ ತಗುಲಿ ಹೆಣ್ಣಾನೆ ಸತ್ತಿತ್ತು. ನಾನು ಹೋದಾಗ ಬೆಳಕು ಹರಿದಿತ್ತು. ಜೊತೆಗೊಂದು ಮರಿ ಇತ್ತು ಅಂತ ಯಾರೋ ಹೇಳಿದರು. ಅಷ್ಟೇ ಸಾಕಾಯಿತು ನನ್ನೊಳಗಿನ ಕಥೆಗಾರನಿಗೆ. 'ಮರಿ ರಾತ್ರಿಯಿಡೀ ತಾಯಿಯ ಪಕ್ಕ ನಿಂತಿತ್ತು, ಅದರ ಕಣ್ಣಲ್ಲಿ ನೀರಿತ್ತು' ಅಂತ ಬರೆದೆ. ಡೆಸ್ಕ್‌ನವರು ಮೆಚ್ಚಿ ಮುಖಪುಟಕ್ಕೆ ಹಾಕಿದರು. ಹೆಸರೂ ಬಂತು.

ಮೂರನೇ ದಿನ ಆ ಗದ್ದೆಯ ಪಕ್ಕದ ರೈತರೊಬ್ಬರು ಹುಡುಕಿಕೊಂಡು ಬಂದರು. ಕೈಯಲ್ಲಿ ಮಡಚಿದ ಪೇಪರ್.

'ಇದನ್ನ ನೀವು ನೋಡಿದ್ರಾ ಸಾರ್?'

ನಾನು ಸುಮ್ಮನಿದ್ದೆ.

'ಮರಿ ಒಂದು ಗಳಿಗೆನೂ ನಿಲ್ಲಲಿಲ್ಲ. ಹಿಂಡಿನ ಜೊತೆ ಆಗಲೇ ಹೋಯ್ತು. ಫಾರೆಸ್ಟ್‌ನೋರು ಬರೋವರ್ಗೂ ರಾತ್ರಿಯೆಲ್ಲ ಹೆಣ ಕಾದಿದ್ದು ನಾನು. ನನ್ನ ಬಗ್ಗೆ ಒಂದು ಗೆರೆ ಇಲ್ವಲ್ಲ?'

ಅವರು ಜಗಳ ಮಾಡಲಿಲ್ಲ. ಕಾಫಿ ಕುಡಿಯಿರಿ ಅಂದರೆ ಬೇಡ ಅಂದರು. ನಾನು ಮರಿಯಾನೆಯನ್ನು ಕಟ್ಟಿ ನಿಲ್ಲಿಸಿದ ಜಾಗದಲ್ಲಿ ನಿಜವಾಗಿ ಕಂಬಳಿ ಹೊದ್ದು ಒಬ್ಬ ಮನುಷ್ಯ ಕೂತಿದ್ದ. ಅವನನ್ನೇ ಅಳಿಸಿ ಹಾಕಿದ್ದೆ. ತಿದ್ದುಪಡಿ ಹಾಕಿಸಿದೆ, ಒಳಪುಟದಲ್ಲಿ ನಾಲ್ಕು ಸಾಲು.

ಅವತ್ತಿಂದ ಎರಡು ನೋಟ್‌ಬುಕ್. ಉದ್ದನೆಯದು ಸುದ್ದಿಗೆ, ಜೇಬಿನಲ್ಲಿರುತ್ತದೆ. ಕಥೆಯದ್ದು ಮನೆಯಲ್ಲೇ ಇರಬೇಕು, ಹೊಸಿಲು ದಾಟಬಾರದು. 2023ರ ಡಿಸೆಂಬರ್ 4ರಂದು ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯಲು ಹೋದಾಗ ದಸರಾ ಆನೆ ಅರ್ಜುನ ಸತ್ತ. ಎಂಟು ಸಲ ಅಂಬಾರಿ ಹೊತ್ತ ಆನೆ. ತಲೆಯಲ್ಲಿ ಕಥೆ ಎದ್ದು ಕುಣಿಯುತ್ತಿತ್ತು. ಯಾರು ಏನು ಹೇಳಿದರೋ ಅಷ್ಟನ್ನೇ ಬರೆದು ಕಳಿಸಿದೆ. ಆ ಕಥೆಯನ್ನು ಇವತ್ತಿಗೂ ಬರೆದಿಲ್ಲ.

ಒಳ್ಳೇದು ಅಂತ ನನಗೇ ಅನ್ನಿಸಿದ ಕಥೆ ಬೇರೆ ಕಡೆಯಿಂದ ಬಂತು. ನಮ್ಮಲ್ಲಿ ಕೆಲವು ಆನೆಗಳ ಕತ್ತಿಗೆ ರೇಡಿಯೋ ಕಾಲರ್ ಇದೆ. ಆನೆ ಹತ್ತಿರ ಬಂದರೆ ಊರಿನವರ ಮೊಬೈಲ್‌ಗೆ ಸಂದೇಶ ಬರುತ್ತದೆ. ಹಾಗೆ ಬಂದ ಒಂದು ಸಂದೇಶದಲ್ಲಿ ಈಗ ಇಲ್ಲದ ಊರಿನ ಹೆಸರಿದ್ದರೆ? ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಎಷ್ಟೋ ಊರು ಮುಳುಗಿದವು. ಶೆಟ್ಟಿಹಳ್ಳಿಯ ಚರ್ಚ್ ಈಗಲೂ ಮಳೆಗಾಲದಲ್ಲಿ ನೀರಲ್ಲಿ ನಿಂತು, ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ನನ್ನ ಕಥೆಯ ಆನೆ ನೀರಿನ ತಳದ ಹಳೇ ದಾರಿಯಲ್ಲೇ ನಡೆಯುತ್ತದೆ. ಸಂದೇಶಗಳು ಮುಳುಗಿದ ಊರುಗಳ ಹೆಸರು ಹಿಡಿದು ಒಂದೊಂದಾಗಿ ಬರುತ್ತವೆ.

ಬರೆಯೋ ಮೊದಲು ಎರಡು ತಿಂಗಳು ತಿರುಗಾಡಿದೆ. ಮುಳುಗಡೆಯಾಗಿ ಬೇರೆ ಕಡೆ ಬಂದು ನೆಲೆಸಿದ ಮನೆಗಳಿಗೆ ಹೋಗಿ, ಸುದ್ದಿಗೆ ಕೇಳುವ ಹಾಗೇ ಕೇಳಿದೆ. ದಾರಿ ಎಷ್ಟು ಅಗಲ? ಗಾಡಿ ಹೋಗ್ತಿತ್ತಾ? ಸಂತೆ ಯಾವ ವಾರ? ಒಬ್ಬ ಅಜ್ಜಿ ಬಾವಿಯಿಂದ ಶುರು ಮಾಡಿ ಊರಬಾಗಿಲವರೆಗೆ ಮನೆ ಮನೆ ಎಣಿಸಿದರು. ಕೊನೆಯಲ್ಲಿ ಒಂದು ಆಲದ ಮರ. ಪೂರ್ತಿ ಸುಳ್ಳು ಕಥೆಗೆ ಇಷ್ಟೊಂದು ವಿಚಾರಣೆ ಯಾಕೆ ಅಂತ ನನ್ನ ಹೆಂಡತಿ ಕೇಳಿದಳು. ಆನೆ ಒಂದೇ ಸುಳ್ಳು, ಉಳಿದದ್ದು ನಿಜ ಇರಲಿ ಅಂದೆ.

ಕಥೆ ಅಚ್ಚಾಯಿತು. ಪ್ರತಿ ತಗೊಂಡು ಅಜ್ಜಿಯ ಮನೆಗೆ ಹೋದೆ. ಮೊಮ್ಮಗ ಜಗಲಿಯಲ್ಲಿ ಕೂತು ಪೂರ್ತಿ ಓದಿ ಹೇಳಿದ. ನೀರಿನಡಿ ಆನೆ ನಡೆದಿದ್ದಕ್ಕೆ ಅಜ್ಜಿ ತಕರಾರು ಎತ್ತಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

'ಆಲದ ಮರ ಎಡಕ್ಕಿತ್ತು ಕಣಪ್ಪ. ನೀನು ಬಲಕ್ಕೆ ಬರ್ದಿದೀಯ.'

ಜೇಬಿನಿಂದ ಉದ್ದನೆಯ ನೋಟ್‌ಬುಕ್ ತೆಗೆದು ಬರೆದುಕೊಂಡೆ.