ರೀಮಾಸ್ಟರ್ ಕೊಳ್ಳುವ ಮುನ್ನ ಧ್ವನಿ ತಗ್ಗಿಸಿ ಕೇಳಿ
ಹಳೆಯ ಡೆತ್ ಮೆಟಲ್ (ಹೆವಿ ಮೆಟಲ್ ಸಂಗೀತದ ಉಗ್ರ ಪ್ರಕಾರ) ಆಲ್ಬಂನ ರೀಮಾಸ್ಟರನ್ನು, ಅಂದರೆ ಧ್ವನಿಯನ್ನು ಹೊಸದಾಗಿ ಹದಗೊಳಿಸಿದ ಮರುಬಿಡುಗಡೆಯನ್ನು, ಮೂಲದೊಂದಿಗೆ ಹೋಲಿಸುವಾಗ, ಹೊಸದರ ಧ್ವನಿಯನ್ನು ಹಳೆಯದರ ಮಟ್ಟಕ್ಕೆ ತಗ್ಗಿಸಿ, ಸ್ನೇರ್ ಡ್ರಮ್ಮಿನ ಪೆಟ್ಟನ್ನಷ್ಟೇ ಆಲಿಸಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ; ಮಟ್ಟ ಸಮವಾದರೆ, ಅತಿಯಾದ ಕಂಪ್ರೆಷನ್ನಿನಿಂದ (ಮೆಲು-ಜೋರು ದನಿಗಳ ಅಂತರ ಕುಗ್ಗಿಸುವುದರಿಂದ) ಚಪ್ಪಟೆಯಾದ ಪೆಟ್ಟು ಗಿಟಾರುಗಳ ಹಿಂದೆ ಹೂತುಹೋಗಿರುವುದು ತಕ್ಷಣ ತಿಳಿಯುತ್ತದೆ. ಕಿವಿ ಪಳಗಿಸಲು ಮಾರ್ಬಿಡ್ ಏಂಜೆಲ್ ತಂಡದ 'ಆಲ್ಟರ್ಸ್ ಆಫ್ ಮ್ಯಾಡ್ನೆಸ್' (1989) ಒಳ್ಳೆಯದು: ಇಯರೇಕ್ ಎಂಬ ಸಂಗೀತ ಪ್ರಕಾಶನ ಸಂಸ್ಥೆ ಅದನ್ನು 'ಫುಲ್ ಡೈನಮಿಕ್ ರೇಂಜ್' (ಮೆಲು-ಜೋರಿನ ಅಂತರ ಉಳಿಸಿಕೊಂಡ) ಆವೃತ್ತಿಯಾಗಿಯೂ ತಂದಿದೆ. ಮೆಟಲ್‌ನದೇ ಇನ್ನೊಂದು ಪ್ರಕಾರವಾದ ಬ್ಲ್ಯಾಕ್ ಮೆಟಲ್‌ನಲ್ಲಿ ಮಾತ್ರ ಈ ಉಪಾಯ ಕೈಕೊಡಬಹುದು. ಡಾರ್ಕ್‌ತ್ರೋನ್ ತಂಡದ 'ಟ್ರಾನ್ಸಿಲ್ವೇನಿಯನ್ ಹಂಗರ್' (1994) ಆಲ್ಬಂನ ಧ್ವನಿ ಮೂಲದಲ್ಲೇ ಮಂಜು ಮುಸುಕಿದಂತಿದೆ, ಬೇಕೆಂದೇ. ಸ್ಟ್ರೀಮಿಂಗ್‌ನಲ್ಲಿ ಹಳೆಯ ಆವೃತ್ತಿಯನ್ನೇ ತೆಗೆದಿದ್ದರೆ ಹೋಲಿಕೆಗೆ ಹಳೆಯ ಸಿಡಿಯೇ ಗತಿ.