ಗಲಭೆಯ ನಂತರ ಅಂಗಡಿಯವರ ಮನಸ್ಸಿಗೆ ಆಸರೆಯಾಗುವುದು ಹೇಗೆ?

ಗಲಭೆಯಾದ ಊರಿನಲ್ಲಿ ಸುಟ್ಟ ಅಂಗಡಿಯ ಮುಂದೆ ಜನಕ್ಕೇನೂ ಕೊರತೆ ಇರುವುದಿಲ್ಲ. ಶಾಸಕರು ಬರುತ್ತಾರೆ, ಸಂಘದವರು ಬರುತ್ತಾರೆ, ನೆಂಟರು ಬರುತ್ತಾರೆ, ಮೊಬೈಲ್ ಎತ್ತಿ ಹಿಡಿದುಕೊಂಡು ಗುರುತಿಲ್ಲದವರೂ ಬರುತ್ತಾರೆ. ವಾರ ಕಳೆಯುವಷ್ಟರಲ್ಲಿ ಎಲ್ಲರೂ ಮಾಯ. ಬಂದವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಹೋದದ್ದು ಹೋಯ್ತು, ಜೀವ ಉಳೀತಲ್ಲ, ಧೈರ್ಯ ತಗೊಳ್ಳಿ.’ ಈ ಮಾತು ಕೇಳಿದ ವ್ಯಾಪಾರಿ ತಲೆಯಾಡಿಸಿ ಸುಮ್ಮನಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರಿಗೆ ಸಮಾಧಾನವಾಗಿದೆ ಅಂತ ಬಂದವರು ತಿಳಿಯುತ್ತಾರೆ. ನಿಜವಾಗಿ ಅಲ್ಲಿಗೆ ಅವರ ಬಾಯಿ ಕಟ್ಟಿತು, ಅಷ್ಟೆ.

2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ಎದ್ದ ಗಲಭೆಯಲ್ಲಿ ಅಂಗಡಿಗಳಿಗೆ ಬೆಂಕಿ ಬಿತ್ತು. 2022ರ ಫೆಬ್ರುವರಿಯಲ್ಲಿ ಶಿವಮೊಗ್ಗದಲ್ಲಿ ಏನೂ ಹಾನಿಯಾಗದ ಅಂಗಡಿಗಳೂ ನಿಷೇಧಾಜ್ಞೆಯಿಂದಾಗಿ ದಿನಗಟ್ಟಲೆ ಬಾಗಿಲು ಹಾಕಿದ್ದವು. ಎರಡೂ ಪೆಟ್ಟೇ. ಬಾಗಿಲು ಹಾಕಿದರೂ ಬಾಡಿಗೆ ನಿಲ್ಲದು, ಸಾಲದ ಕಂತು ನಿಲ್ಲದು, ಹುಡುಗರ ಸಂಬಳ ನಿಲ್ಲದು. ಸಂಘರ್ಷ ಕಂಡ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆಯೋ ಆತಂಕವೋ ಬೇರೆ ಯಾವುದಾದರೂ ಮಾನಸಿಕ ತೊಂದರೆಯೋ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತ್ತು. ಅದು ಯುದ್ಧ ನಡೆದ ದೇಶಗಳನ್ನೂ ಸೇರಿಸಿದ ಲೆಕ್ಕ, ನಮ್ಮ ಪೇಟೆಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಅಂಗಡಿ ಕಳೆದುಕೊಂಡವರ ಮನಸ್ಸಿಗೂ ಶುಶ್ರೂಷೆ ಬೇಕು ಎಂಬುದರಲ್ಲಿ ಅನುಮಾನವಿಲ್ಲ.

ಇದಕ್ಕೆ ಡಾಕ್ಟರೇ ಆಗಬೇಕಿಲ್ಲ. 2002ರ ಗುಜರಾತ್ ಗಲಭೆಯ ನಂತರ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅಲ್ಲಿ ಸಮುದಾಯದ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಈ ಕೆಲಸಕ್ಕೆ ಇಳಿಸಿದ್ದರು. ನೆರೆಯ ಅಂಗಡಿಯವರು, ವರ್ತಕರ ಸಂಘದವರು, ಮಳಿಗೆಯ ಮಾಲೀಕರು ಮಾಡಬಹುದಾದದ್ದು ಬಹಳ ಇದೆ.

1. ಹೋಗುವವರು ಒಬ್ಬರೇ ಇರಲಿ

ಗುರುತು ಪರಿಚಯ ಇರುವ ಒಬ್ಬರು, ಪ್ರತಿ ಸಲವೂ ಅವರೇ. ಹತ್ತು ಜನರ ನಿಯೋಗ ಬೇಡ, ಹಾರ ಶಾಲು ಬೇಡ, ಫೋಟೊ ಬೇಡವೇ ಬೇಡ. ಯಾರನ್ನು ಕಳಿಸುವುದೆಂದು ತೋಚದಿದ್ದರೆ ಪಿಗ್ಮಿ ಕಟ್ಟಿಸಿಕೊಳ್ಳುವವರನ್ನು ಕೇಳಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಈ ಪದ್ಧತಿ ಶುರು ಮಾಡಿದಂದಿನಿಂದ ಕರಾವಳಿಯಿಂದ ಬಯಲುಸೀಮೆಯವರೆಗೆ ಸಣ್ಣ ಅಂಗಡಿಯ ಗಲ್ಲಾದವರೆಗೂ ದಿನಾ ಹೋಗಿಬರುವ ಹೊರಗಿನ ಮನುಷ್ಯ ಅಂದರೆ ಅವರೇ. ಯಾರು ಮೊದಲು ಇನ್ನೂರು ಕಟ್ಟುತ್ತಿದ್ದರು, ಈಗ ಇಪ್ಪತ್ತಕ್ಕೆ ಇಳಿದಿದ್ದಾರೆ, ಯಾರು ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದಾರೆ ಅನ್ನುವುದು ಅವರಿಗೆ ಮೊದಲು ತಿಳಿಯುತ್ತದೆ.

2. ಹೊತ್ತು ನೋಡಿಕೊಂಡು ಹೋಗಿ

ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತು ಒಳ್ಳೆಯದು. ಅಂಗಡಿಯೇ ಹೋಗಿದ್ದರೆ ಮನೆಗೆ ಹೋಗಿ, ಊಟವೋ ಟೀಯೋ ಕಟ್ಟಿಸಿಕೊಂಡು.

3. ಕೇಳಿಸಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲಿ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರೇ ಕೆಲಸ ಹೇಳುತ್ತದೆ: ನೋಡಿ, ಕೇಳಿ, ಬೇಕಾದ ಕಡೆಗೆ ಜೋಡಿಸಿ. ಮೊದಲು ನೋಡುವುದು. ಊಟ ಮಾಡಿದ್ದಾರಾ, ಗಾಯವಾಗಿದೆಯಾ, ಬಿಪಿ ಶುಗರ್ ಮಾತ್ರೆ ತಪ್ಪಿಸಿದ್ದಾರಾ? ಗಲಭೆಯ ವಾರ ಮಾತ್ರೆ ಬಿಟ್ಟುಬಿಡುವವರು ಬಹಳ. ಇದನ್ನು ಕೇಳುವುದರಿಂದಲೇ ಮಾತು ಶುರುವಾಗುತ್ತದೆ. ‘ಅಣ್ಣಾ, ಊಟ ಆಯ್ತಾ?’ ಅನ್ನುವುದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ.

ಆಮೇಲೆ ಪಕ್ಕದಲ್ಲಿ ಕೂತುಕೊಳ್ಳಿ. ಎದುರಿಗೆ ನಿಂತು ಮಾತಾಡಿಸಿದರೆ ಪಂಚನಾಮೆ ಮಾಡಲು ಬಂದವರ ಹಾಗೆ ಕಾಣುತ್ತದೆ. ಅವರು ಬೂದಿ ಕೆದಕುತ್ತಿದ್ದರೆ ನೀವೂ ಒಂದು ಕೈ ಹಾಕಿ. ಬಟ್ಟೆ ಅಂಗಡಿ ಸುಟ್ಟಿದ್ದರೆ ಥಾನುಗಳು ಹೊರಗಿನಿಂದ ಕರಕಲಾಗಿ ನಡುವೆ ನಾಲ್ಕು ಮೊಳ ಬಟ್ಟೆ ಹಾಗೆಯೇ ಉಳಿದಿರುತ್ತದೆ. ಅದನ್ನು ಬಿಚ್ಚಿ ಬಿಚ್ಚಿ ನೋಡುತ್ತಾ ಕೂರುತ್ತಾರೆ. ‘ಬಿಡಿ ಅದನ್ನ, ಇನ್ನೇನಕ್ಕೆ ಬರುತ್ತೆ’ ಅನ್ನಬೇಡಿ. ಯಾವ ಸೂರತ್ತಿನ ಮಾಲು, ಯಾವ ಹಬ್ಬಕ್ಕೆ ತಂದದ್ದು ಅಂತ ಹೇಳಿದರೆ ಕೇಳಿಸಿಕೊಳ್ಳಿ.

ಅಂಗಡಿಯವರ ದುಃಖ ಹೊರಗೆ ಬರುವುದು ಲೆಕ್ಕದ ರೂಪದಲ್ಲಿ. ‘ನನಗೆ ಮನಸ್ಸಿಗೆ ಹಿಂಸೆಯಾಗಿದೆ’ ಅಂತ ಅವರು ಹೇಳುವುದಿಲ್ಲ. ‘ದೀಪಾವಳಿಗೆ ಅಂತ ಹೊಸ ಮಾಲು ಹಾಕಿದ್ದೆ, ಹೋಲ್‌ಸೇಲ್‌ನವರಿಗೆ ಇನ್ನೂ ಅರ್ಧ ದುಡ್ಡು ಕೊಡಬೇಕು’ ಅನ್ನುತ್ತಾರೆ. ಅದನ್ನೇ ಮೂರು ಸಲ ಹೇಳುತ್ತಾರೆ. ಮೂರನೆಯ ಸಲವೂ ಮೊದಲ ಸಲದ ಹಾಗೆಯೇ ಕೇಳಬೇಕು. ‘ಆಗಲೇ ಹೇಳಿದ್ರಲ್ಲ’ ಅಂದರೆ ಅಲ್ಲಿಗೆ ಮುಗಿಯಿತು. ‘ಎಷ್ಟು ದಿನದಿಂದ ಕೂಡಿಸಿದ್ರಿ ಅದನ್ನೆಲ್ಲ?’ ಅಂತ ಕೇಳಿ ನೋಡಿ. ಅಪ್ಪ ತಳ್ಳುಗಾಡಿಯಲ್ಲಿ ಶುರು ಮಾಡಿದ್ದು, ತಂಗಿಯ ಮದುವೆಗೆ ಈ ಅಂಗಡಿಯೇ ಆದದ್ದು, ಎಲ್ಲ ಬರುತ್ತದೆ. ಅತ್ತರೆ ಅಳಲಿ. ಹೆಗಲ ಮೇಲೆ ಕೈ ಹಾಕುವ ಸಲಿಗೆ ಇದ್ದರೆ ಹಾಕಿ. ಇಲ್ಲದಿದ್ದರೆ ಸುಮ್ಮನೆ ಕೂತಿರಿ. ಮಧ್ಯದ ಮೌನವನ್ನು ಮಾತು ಹಾಕಿ ತುಂಬಬೇಡಿ.

ಕೇಳಬಾರದ ಪ್ರಶ್ನೆ ಒಂದಿದೆ: ‘ಯಾರು ಮಾಡಿದ್ದು? ಮುಖ ನೋಡಿದ್ರಾ?’ ಅದನ್ನು ಪೊಲೀಸರು ಕೇಳುತ್ತಾರೆ. ನೀವು ಕೇಳಿದರೆ ಅವರು ಆ ರಾತ್ರಿಯನ್ನು ಮತ್ತೆ ಕಣ್ಣೆದುರು ತಂದುಕೊಳ್ಳಬೇಕಾಗುತ್ತದೆ, ಜೊತೆಗೆ ಅವರ ಬಾಯಿಂದ ಬಂದ ಹೆಸರು ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪು ಸೇರಿ ಇನ್ನೊಬ್ಬರ ಅಂಗಡಿಗೆ ಕಲ್ಲು ಬೀಳುತ್ತದೆ. ಅವರಾಗಿಯೇ ಹೇಳಿದರೆ ಕೇಳಿ, ಅಲ್ಲಿಯೇ ಬಿಡಿ. ‘ಅವರೆಲ್ಲ ಹಾಗೇನೇ’ ಎಂದು ಒಗ್ಗರಣೆ ಹಾಕಬೇಡಿ. ಗಲಭೆ ಮುಗಿದ ಮೇಲೂ ಅವರು ಅದೇ ಬೀದಿಯಲ್ಲಿ, ಅದೇ ಗಿರಾಕಿಗಳನ್ನು ನಂಬಿಕೊಂಡು ಕೂರಬೇಕು. ನನ್ನ ಗಟ್ಟಿ ಅಭಿಪ್ರಾಯ ಏನೆಂದರೆ, ಪಕ್ಕದ ಸಾಲಿನಲ್ಲಿ ಇನ್ನೊಂದು ಧರ್ಮದ ವ್ಯಾಪಾರಿ ಇದ್ದರೆ ಅವರೇ ಮೊದಲು ಬರುವುದು ಒಳ್ಳೆಯದು. ‘ಸಾಹುಕಾರ್ರೇ, ನನ್ನ ಗೋಡೌನ್ ಖಾಲಿ ಇದೆ, ಉಳಿದದ್ದನ್ನ ಅಲ್ಲಿ ಇಡಿ’ ಅನ್ನುವ ಒಂದು ಮಾತು ಮಾಡುವ ಕೆಲಸವನ್ನು ಶಾಂತಿ ಸಭೆ ಮಾಡಲಾರದು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಸಂಘಗಳು ಗಲಭೆಯಾದ ಮೂರನೆಯ ದಿನವೇ ಎಲ್ಲರನ್ನೂ ಕಲ್ಯಾಣ ಮಂಟಪದಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ಎದ್ದು ನಡೆದದ್ದನ್ನು ವಿವರಿಸಿ ಅನ್ನುತ್ತವೆ. ಮನಸ್ಸು ಹಗುರವಾಗಲಿ ಅನ್ನುವ ಒಳ್ಳೆಯ ಉದ್ದೇಶವೇ. ಆದರೆ ಹೀಗೆ ಒತ್ತಾಯದಿಂದ ಒಂದೇ ಸಲಕ್ಕೆ ಎಲ್ಲ ಹೇಳಿಸುವ ಪದ್ಧತಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹೇಳಬೇಕೋ ಬೇಡವೋ ಎಂಬುದು ಅವರ ಇಷ್ಟ. ಆ ಕಾರ್ಯಕ್ರಮದ ಖರ್ಚಿನಲ್ಲಿ ನಾಲ್ಕು ಅಂಗಡಿಗೆ ಶಟರ್ ಹಾಕಿಸಿಕೊಡಿ.

4. ಲೆಕ್ಕ ಬರೆಯಲು ಕೂತುಕೊಳ್ಳಿ

ನೆನಪಿನ ಭಾರಕ್ಕಿಂತ ನಾಳೆಯ ಕಂತಿನ ಭಾರ ಹೆಚ್ಚು ನಿದ್ದೆಗೆಡಿಸುತ್ತದೆ. ಹಾಗಾಗಿ ಒಂದು ನೋಟ್‌ಬುಕ್ ತಗೊಂಡು ಜೊತೆಗೆ ಕೂತು ಬರೆಯುವುದನ್ನು ನಾನು ಮನಸ್ಸಿನ ಚಿಕಿತ್ಸೆಯೆಂದೇ ಎಣಿಸುತ್ತೇನೆ. ಕೊಡಬೇಕಾದದ್ದು ಒಂದು ಪುಟ, ಬರಬೇಕಾದದ್ದು ಇನ್ನೊಂದು ಪುಟ. ತಲೆಯಲ್ಲಿ ಸುತ್ತುತ್ತಿದ್ದ ಸಾಲ ಕಾಗದಕ್ಕೆ ಇಳಿದರೆ ಅದಕ್ಕೊಂದು ಅಂಚು ಸಿಗುತ್ತದೆ.

ಉದ್ರಿ ಪುಸ್ತಕ ಸುಟ್ಟುಹೋಗಿದ್ದರೆ ವ್ಯಾಪಾರಿಯ ಸಂಕಟ ಹೇಳತೀರದು. ನೆನಪಿನಿಂದ ಹೆಸರುಗಳನ್ನು ಒಂದೊಂದಾಗಿ ಬರೆಸಿ. ಊರಿನವರಿಗೂ ಒಂದು ಮಾತು: ನೀವು ಆ ಅಂಗಡಿಯಲ್ಲಿ ಬಾಕಿ ಇಟ್ಟಿದ್ದರೆ ಕೇಳುವವರೆಗೆ ಕಾಯಬೇಡಿ. ‘ನಂದು ಎಂಟುನೂರು ಇತ್ತು, ಬರ್ಕೊಳ್ಳಿ’ ಎಂದು ನೀವೇ ಹೋಗಿ ಹೇಳಿ. ದುಡ್ಡು ಆಮೇಲೆ ಕೊಟ್ಟರೂ ನಡೆಯುತ್ತದೆ.

ವಿಮೆ ಇಲ್ಲ ಅಂದರೆ ನಂಬಬೇಡಿ. ಮುದ್ರಾ ಅಥವಾ ಬೇರೆ ವ್ಯಾಪಾರದ ಸಾಲ ಇದ್ದರೆ ಬ್ಯಾಂಕಿನವರೇ ಅಂಗಡಿಗೆ ವಿಮೆ ಮಾಡಿಸಿ ಪ್ರೀಮಿಯಂ ಖಾತೆಯಿಂದ ಮುರಿದುಕೊಂಡಿರುವುದು ಸಾಮಾನ್ಯ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ಕಡಿತವಾದ ಚಿಕ್ಕ ಮೊತ್ತವನ್ನು ಹುಡುಕಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ಬೆಂಕಿಯ ಜೊತೆ ಗಲಭೆ, ಮುಷ್ಕರದ ಹಾನಿಗೂ ರಕ್ಷಣೆಯಿದೆ. ಹಾನಿಯ ಲೆಕ್ಕ ಹಾಕಲು ವಿಮಾ ಕಂಪನಿಯ ಸರ್ವೇಯರ್ ಬರುವ ಮೊದಲು ಗುಡಿಸಿ ಚೊಕ್ಕಟ ಮಾಡಬೇಡಿ, ಮೂಲೆ ಮೂಲೆಯ ಫೋಟೊ ತೆಗೆದಿಡಿ, ಎಫ್‌ಐಆರ್ ಪ್ರತಿ ಇಟ್ಟುಕೊಳ್ಳಿ. ನೂರಕ್ಕೆ ಇಷ್ಟು ಕೊಟ್ಟರೆ ಕ್ಲೇಮ್ ಮಾಡಿಸಿಕೊಡುತ್ತೇನೆ ಎಂದು ಬರುವ ಮಧ್ಯವರ್ತಿಗಳನ್ನು ಹೊಸಿಲು ದಾಟಿಸಬೇಡಿ.

ಬ್ಯಾಂಕಿಗೆ ಅರ್ಜಿ ಇವತ್ತೇ ಕೊಡಿ. ನೈಸರ್ಗಿಕ ವಿಕೋಪಕ್ಕೆ ಕೊಡುವ ಸಾಲ ಮರುಹೊಂದಾಣಿಕೆಯನ್ನು, ಅಂದರೆ ಕಂತು, ಅವಧಿ ಬದಲಿಸಿಕೊಡುವುದನ್ನು, ಗಲಭೆಗೂ ಅನ್ವಯಿಸಬಹುದೆಂದು ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ ಹೇಳಿತ್ತು. ಈಗಿನ ಸುತ್ತೋಲೆ ಏನೆಂದು ಮ್ಯಾನೇಜರರನ್ನೇ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಮನೆಗೆ ಬಂದು ಹೆದರಿಸುವ ಮೈಕ್ರೋಫೈನಾನ್ಸ್‌ನವರ ವಿರುದ್ಧ ಕರ್ನಾಟಕದಲ್ಲಿ 2025ರ ಕಾನೂನಿದೆ, ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಐದು ನಿಮಿಷದಲ್ಲಿ ದುಡ್ಡು ಹಾಕುವ ಲೋನ್ ಆ್ಯಪ್‌ಗಳನ್ನು ಮಾತ್ರ ಮುಟ್ಟಲೇಬಾರದು. ಒಂದು ಕಂತು ತಪ್ಪಿದರೆ ಫೋನಿನಲ್ಲಿರುವ ನಂಬರುಗಳಿಗೆಲ್ಲ ಅವಮಾನದ ಸಂದೇಶ ಕಳಿಸುವ ಆ್ಯಪ್‌ಗಳಿವೆ, ಆ ಅವಮಾನಕ್ಕೆ ಜೀವ ಬಿಟ್ಟವರಿದ್ದಾರೆ.

5. ನಿದ್ದೆಗೆ ಅಡ್ಡದಾರಿ ಬೇಡ

ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಪಕ್ಕದ ಶಟರ್ ಎಳೆದ ಸದ್ದಿಗೆ ಬೆಚ್ಚುವುದು, ಮಕ್ಕಳ ಮೇಲೆ ರೇಗುವುದು ಕಾಯಿಲೆಯಲ್ಲ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಆದರೆ ಈ ಹೊತ್ತಿನಲ್ಲೇ ಯಾರೋ ತಮ್ಮ ಮನೆಯಲ್ಲಿರುವ ಅಲ್ಪ್ರಾಜೋಲಂ ಎಂಬ ಆತಂಕ ತಗ್ಗಿಸಿ ನಿದ್ದೆ ತರಿಸುವ ಮಾತ್ರೆಯ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಮುರಿದು ಕೊಡುತ್ತಾರೆ. ಆಘಾತದ ಮೊದಲ ತಿಂಗಳಲ್ಲಿ ಆ ಬಗೆಯ ಮಾತ್ರೆಗಳನ್ನು ದೊಡ್ಡವರಿಗೂ ಮಕ್ಕಳಿಗೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುತ್ತದೆ. ಅಭ್ಯಾಸವಾದರೆ ಬಿಡುವುದು ಕಷ್ಟ. ಚೀಟಿ ಇಲ್ಲದೆ ಅದನ್ನು ಕೊಡುವ ಮೆಡಿಕಲ್ ಶಾಪ್‌ನವರು ದಯವಿಟ್ಟು ನಿಲ್ಲಿಸಬೇಕು. ‘ಎರಡು ಪೆಗ್ ಹಾಕಿ ಮಲಗು’ ಅನ್ನುವ ಗೆಳೆಯರಿಗೂ ಇದೇ ಮಾತು. ಸರಿಯಾದ ಹೊತ್ತಿಗೆ ಊಟ, ಹಗಲು ಏನಾದರೂ ಕೈಕೆಲಸ, ರಾತ್ರಿ ಗಲಭೆಯ ವಿಡಿಯೊ ನೋಡದಿರುವುದು, ಇಷ್ಟು ಮಾಡಿಸಿ.

6. ಯಾವಾಗ ಡಾಕ್ಟರು?

ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಅಂಗಡಿಯ ಬೀದಿಗೇ ಕಾಲಿಡಲಾಗದಿದ್ದರೆ, ಸ್ನಾನ ಊಟ ಬಿಟ್ಟು ಮೂಲೆ ಹಿಡಿದಿದ್ದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ಸಂಕೋಚವಾದರೆ ನೀವೇ ಡಯಲ್ ಮಾಡಿ ಫೋನ್ ಕೈಗೆ ಕೊಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರದ ದಿನ ಮನೋವೈದ್ಯರು ಬರುತ್ತಾರೆ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಜೊತೆಗೆ ಹೋಗಿ. ‘ಬ್ಯಾಂಕಿನವರಿಗೆ ಗೊತ್ತಾದರೆ ಸಾಲ ಕೊಡಲ್ಲ’ ಅನ್ನುವ ಭಯ ವ್ಯಾಪಾರಿಗಳಲ್ಲಿ ಸಾಮಾನ್ಯ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ಹಕ್ಕು ಎಂದು ತಿಳಿಸಿ ಹೇಳಿ.

ಒಂದು ಸಂದರ್ಭದಲ್ಲಿ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಎಂದೂ ಮನೆಯವರಿಗೆ ಲೆಕ್ಕ ಹೇಳದವರು ಇದ್ದಕ್ಕಿದ್ದಂತೆ ಹೆಂಡತಿಯನ್ನು ಕೂರಿಸಿಕೊಂಡು ಯಾವ ಬೀರುವಿನಲ್ಲಿ ಯಾವ ಪತ್ರ ಇದೆ ಎಂದು ವಿವರಿಸಿದರೆ, ‘ನನ್ನ ಜೊತೆಗೇ ಸಾಲವೂ ಹೋಗಲಿ’ ಅಂದರೆ, ನೇರವಾಗಿ ಕೇಳಿಬಿಡಿ: ‘ಅಣ್ಣಾ, ಸಾಯಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗೊಬ್ಬರ, ಕೀಟನಾಶಕದ ಅಂಗಡಿಯವರಾದರೆ ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಮುಚ್ಚಿಡುವ ಮನೆಗಳು ಇನ್ನೂ ಇವೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ.

ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗರನ್ನೂ, ಮನೆಯ ಹೆಂಗಸರನ್ನೂ ಬೇರೆಯಾಗಿ ಮಾತಾಡಿಸಿ. ಒಡವೆ ಅಡವಿಟ್ಟವರು ಅವರೇ ಆಗಿರುತ್ತಾರೆ.

7. ಮುಂದಿನ ವರ್ಷದ ಮೆರವಣಿಗೆಗೆ ಈಗಲೇ ತಯಾರಿ

ಅದೇ ಹಬ್ಬ ಮತ್ತೆ ಬರುವಾಗ ಹಳೆಯ ಭಯವೂ ಬರುತ್ತದೆ. ಎರಡು ವಾರ ಮೊದಲೇ ವರ್ತಕರ ಸಂಘದವರು ಠಾಣೆಗೆ ಹೋಗಿ ಮೆರವಣಿಗೆಯ ದಾರಿ, ಹೊತ್ತು, ಬಂದೋಬಸ್ತು ತಿಳಿದುಕೊಂಡು ಆ ಬೀದಿಯ ಎಲ್ಲ ಅಂಗಡಿಗಳಿಗೂ ಹೇಳಬೇಕು. ಲೆಕ್ಕದ ಪುಸ್ತಕದ ಫೋಟೊ ತಿಂಗಳಿಗೊಮ್ಮೆ ಮಗನಿಗೋ ಮಗಳಿಗೋ ಕಳಿಸಿಡುವ ಅಭ್ಯಾಸ ಮಾಡಿಸಿ. ಪಾಲಿಸಿಯ ನವೀಕರಣ ಹಬ್ಬಕ್ಕೆ ಮೊದಲು ಆಗಿದೆಯೇ, ಅದರಲ್ಲಿ ಗಲಭೆಯ ಹಾನಿ ಸೇರಿದೆಯೇ, ಮಾಲಿನ ಈಗಿನ ಬೆಲೆಗೆ ತಕ್ಕ ಮೊತ್ತ ಬರೆದಿದೆಯೇ ಎಂದು ಜೊತೆಗೆ ಕೂತು ಓದಿ ನೋಡಿ. ಮೆರವಣಿಗೆಯ ದಿನ ಅಂಗಡಿ ತೆರೆಯಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ. ತೆರೆಯುತ್ತೇನೆ ಅಂದರೆ ಆ ಸಂಜೆ ನೀವು ಬೇರೆ ಕೆಲಸ ಇಟ್ಟುಕೊಳ್ಳಬೇಡಿ.